ಬೀಜದ ಒಡೆತನ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಎರಡು ದಾರಿ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬೀಜದ ಒಡೆತನ ಎರಡು ಬಗೆಯದು. ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಲ್ಲಿ ಬೆಳೆಯುವ ಸೋನಾ ಮಸೂರಿ (ಬಿಪಿಟಿ 5204) ಭತ್ತವನ್ನೂ ಎರೆಭೂಮಿಯ ಮಾಲದಂಡಿ (ಎಂ 35-1) ಹಿಂಗಾರಿ ಜೋಳವನ್ನೂ ರೈತರು ತಮ್ಮ ರಾಶಿಯಿಂದಲೇ ಬೀಜಕ್ಕೆ ತೆಗೆದಿಡಬಲ್ಲರು. ಇವು ಸರ್ಕಾರಿ ಸಂಶೋಧನಾ ಕೇಂದ್ರಗಳು ನೀಡಿದ ತಳಿಗಳು. ಹತ್ತಿಯ ಬೀಜವನ್ನು ಮಾತ್ರ ಪ್ರತಿ ಮುಂಗಾರಿಗೂ ಅಂಗಡಿಯಿಂದ ಕೊಳ್ಳಬೇಕು.

ಹಿನ್ನೆಲೆ

ಹತ್ತಿಯಲ್ಲಿ ಈ ಬದಲಾವಣೆ ಕಂಪನಿಗಳಿಂದಲ್ಲ, ಹೈಬ್ರಿಡ್ ತಳಿಗಳಿಂದ ಆರಂಭವಾಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಇವುಗಳಲ್ಲಿ ಪ್ರಸಿದ್ಧ. ಹೈಬ್ರಿಡ್ ಬೆಳೆಯ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ, ಇಳುವರಿಯೂ ಕುಸಿಯುತ್ತದೆ. ಕುಲಾಂತರಿ ಜೀನ್ ಇದೇ ಹೈಬ್ರಿಡ್‌ಗಳ ಮೂಲಕ ಬಂದಿತು.

ಮಾನ್ಸಾಂಟೊದ ಬಿಟಿ ಹತ್ತಿಯ ಕ್ಷೇತ್ರ ಪ್ರಯೋಗವನ್ನು ವಿರೋಧಿಸಿ 1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಸಿಂಧನೂರು ಭಾಗದ ಹೊಲವೊಂದರಲ್ಲಿ ಬೆಳೆಯನ್ನು ಸುಟ್ಟಿತು. ಆದರೂ 2002ರ ಮಾರ್ಚ್‌ನಲ್ಲಿ ಮಹೈಕೊದ ಮೂರು ಹೈಬ್ರಿಡ್‌ಗಳಿಗೆ ಕೇಂದ್ರದ ಅನುಮತಿ ದೊರೆಯಿತು. ಮುಂದೆ ಹಲವು ಕಂಪನಿಗಳು ಪರವಾನಗಿ ಪಡೆದು ಇದೇ ಜೀನ್ ಇರುವ ಬೀಜವನ್ನು ಮಾರಿದವು. ಬ್ರಾಂಡುಗಳು ಹಲವಾದರೂ ತಂತ್ರಜ್ಞಾನದ ಒಡೆತನ ಒಂದೇ ಕಡೆ ಉಳಿಯಿತು.

ಬೆಲೆ ಮತ್ತು ಹುಳು

ಆರಂಭದಲ್ಲಿ 450 ಗ್ರಾಂ ಪೊಟ್ಟಣದ ಬೆಲೆ ಸುಮಾರು 1,600 ರೂಪಾಯಿ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ಬೋಲ್‌ಗಾರ್ಡ್-2 ಬೀಜಕ್ಕೆ 800 ರೂಪಾಯಿ ಗರಿಷ್ಠ ಬೆಲೆಯನ್ನೂ ಅದರೊಳಗೆ 49 ರೂಪಾಯಿ ತಂತ್ರಜ್ಞಾನ ಶುಲ್ಕವನ್ನೂ ನಿಗದಿಪಡಿಸಿತು. 2020ರಲ್ಲಿ ಈ ಶುಲ್ಕ ರದ್ದಾಯಿತು. 2025ರಲ್ಲಿ ಗರಿಷ್ಠ ಬೆಲೆ 901 ರೂಪಾಯಿ ಆಗಿತ್ತು.

ಬೆಲೆಗೆ ಮಿತಿ ಬಂದರೂ ನಷ್ಟದ ಹೊಣೆ ರೈತನ ಮೇಲೆಯೇ ಉಳಿದಿದೆ. ಗುಲಾಬಿ ಕಾಯಿಕೊರಕ ಹುಳು ಮೊದಲು ಒಂದು ಜೀನ್‌ನ ಬಿಟಿಗೆ, ಬಳಿಕ ಎರಡು ಜೀನ್‌ಗಳ ಬೋಲ್‌ಗಾರ್ಡ್-2ಕ್ಕೂ ನಿರೋಧಶಕ್ತಿ ಬೆಳೆಸಿಕೊಂಡಿತು. ಹೀಗಾಗಿ ಬಿಟಿ ಬೀಜಕ್ಕೆ ಹಣ ತೆತ್ತ ರೈತ ಈ ಹುಳುವಿಗಾಗಿ ಔಷಧಿಯನ್ನೂ ಸಿಂಪಡಿಸಬೇಕಾಗಿದೆ.

ಕಾನೂನು

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನಂತೆ ರೈತರು ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಿಕೊಳ್ಳಬಹುದು. ಬ್ರಾಂಡ್ ಹೆಸರಿಲ್ಲದೆ ಮಾರಲೂಬಹುದು. ಜೋಳ, ಭತ್ತಗಳ ತಳಿಗಳಲ್ಲಿ ಈ ಹಕ್ಕು ಸಜೀವ. ಹೈಬ್ರಿಡ್ ಹತ್ತಿಯಲ್ಲಿ ಹಕ್ಕಿದ್ದರೂ ಉಳಿಸಿದ ಬೀಜದಿಂದ ಫಲವಿಲ್ಲ. ರೊಟ್ಟಿಯ ಜೋಳ, ಅನ್ನದ ಭತ್ತಗಳಿಗೂ ಅದೇ ಗತಿ ಬಾರದಿರಲು ಸರ್ಕಾರಿ ಸಂಶೋಧನೆಯ ತಳಿಗಳು ಉಳಿಯಬೇಕು, ಮನೆಗಳಲ್ಲಿ ಬೀಜ ತೆಗೆದಿಡುವ ರೂಢಿಯೂ ಉಳಿಯಬೇಕು.