ಮಾದ ಗಾಯ ಮತ್ತೆ ಒಡೆದಾಗ

ಕಚೇರಿಗೆ ಪ್ರತಿಯೊಂದು ಕಡತವೂ ಒಂದು ದಿನ ಮುಗಿಯಬೇಕು. ಮೈಗೆ ಆ ನಿಯಮ ಗೊತ್ತಿಲ್ಲ. ಕೂಡಿತೆಂದುಕೊಂಡ ಮೂಳೆ ವರ್ಷಗಳ ನಂತರ ನೋಯುತ್ತದೆ, ವಾಸಿಯಾದ ಬೆನ್ನು ಒಂದು ಬೆಳಿಗ್ಗೆ ಏಳಲು ಬಿಡುವುದಿಲ್ಲ. ಪರಿಹಾರ ತೀರ್ಮಾನವಾದ ಮೇಲೆ ಹೆಚ್ಚಿದ ನೋವು ಯಾರ ಲೆಕ್ಕಕ್ಕೆ? ಕಾರ್ಮಿಕ ಪರಿಹಾರದ ಚರಿತ್ರೆಯನ್ನು ನಾನು ಓದಿದ್ದು ಈ ಒಂದು ಪ್ರಶ್ನೆಯ ಬೆನ್ನು ಹತ್ತಿ.

ಇಂಗ್ಲೆಂಡಿನ 1897ರ ಕಾಯ್ದೆಯಿಂದ ಶುರುಮಾಡಬೇಕು. ಅಲ್ಲಿಯವರೆಗೆ ಪೆಟ್ಟು ತಿಂದ ಕೆಲಸಗಾರ ಮಾಲೀಕನ ತಪ್ಪನ್ನು ಸಾಬೀತುಮಾಡಬೇಕಿತ್ತು. ಹೊಸ ಕಾಯ್ದೆ ರೈಲ್ವೆ, ಕಾರ್ಖಾನೆ, ಗಣಿಯಂಥ ಕೆಲಸಗಳಲ್ಲಿ ಆ ಹೊರೆಯನ್ನು ಇಳಿಸಿತು. ದುಡಿಯಲಾಗದವನಿಗೆ ಸಂಬಳದ ಅರ್ಧದವರೆಗೆ ವಾರವಾರವೂ ಹಣ. ಈ ವಾರದ ಹಣವನ್ನು ಇಬ್ಬರಲ್ಲಿ ಯಾರು ಕೇಳಿದರೂ ಮರುಪರಿಶೀಲಿಸಬಹುದಿತ್ತು. ಹೆಚ್ಚಿಸಬಹುದು, ಇಳಿಸಬಹುದು, ನಿಲ್ಲಿಸಲೂಬಹುದು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಷರತ್ತು: ಆರು ತಿಂಗಳು ಕಳೆದ ಮೇಲೆ ಮಾಲೀಕ ಅರ್ಜಿ ಹಾಕಿ ಇಡಿಗಂಟು ಕೊಟ್ಟು ಋಣ ಹರಿದುಕೊಳ್ಳಬಹುದು. ಒಂದು ಬಾಗಿಲು ತೆರೆದಿಟ್ಟ ಕೈಯೇ ಅದಕ್ಕೆ ಬೀಗವನ್ನೂ ಮಾಡಿಟ್ಟಿತ್ತು.

ಬ್ರಿಟಿಷ್ ಇಂಡಿಯಾದ 1923ರ ಕಾಯ್ದೆ 1924ರ ಜುಲೈ 1ರಂದು ಜಾರಿಗೆ ಬಂತು. ವಾರದ ಹಣ ಇಲ್ಲಿ ಅರ್ಧಮಾಸಿಕ ಹಣವಾಯಿತು. ಅದರ 6ನೇ ಸೆಕ್ಷನ್ ಹೇಳುವುದಿಷ್ಟು: ಕೆಲಸಗಾರನ ಸ್ಥಿತಿ ಬದಲಾಗಿದೆಯೆಂಬ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟರೆ ಕಮಿಷನರ್ ಆ ಪಾವತಿಯನ್ನು ಮತ್ತೆ ನೋಡಬಹುದು. ಊನ ಶಾಶ್ವತವೆಂದು ಕಂಡುಬಂದರೆ, ಕೊಟ್ಟದ್ದನ್ನು ಕಳೆದು, ಅದಕ್ಕೆ ಸಲ್ಲುವ ಇಡಿಗಂಟಾಗಿ ಬದಲಿಸಬಹುದು. ಆದರೆ ಈ ಸೆಕ್ಷನ್ ಮಾತಾಡುವುದು ಅರ್ಧಮಾಸಿಕ ಪಾವತಿಯ ಬಗ್ಗೆ ಮಾತ್ರ. ಇಡಿಗಂಟು ಕೈಸೇರಿದವನು ಮತ್ತೆ ಬಂದರೆ ಏನು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. 7ನೇ ಸೆಕ್ಷನ್ ಆರು ತಿಂಗಳ ಹಳೆಯ ಬೀಗವನ್ನೂ ಉಳಿಸಿಕೊಂಡಿತು. ಇಲ್ಲಿ ಮಾತ್ರ ಅರ್ಜಿಯ ಹಕ್ಕು ಎರಡೂ ಕಡೆಯವರಿಗೆ ಇತ್ತು.

ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು ನನಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅಲ್ಲಿ ಚಿನ್ನ ಇದ್ದದ್ದು ಬಿಳಿಗಲ್ಲಿನ ಪದರದಲ್ಲಿ. ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. 1940ರ ದಶಕದಲ್ಲಿ ಅಲ್ಲಿನ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡಿತು. ಗಣಿ ಬಿಟ್ಟು ಊರಿಗೆ ಹೋದರೂ ಅದು ನಿಲ್ಲುವುದಿಲ್ಲ. ಒಳಗಿದ್ದ ಧೂಳು ತನ್ನ ಕೆಲಸ ಮುಂದುವರಿಸುತ್ತದೆ. ಎಕ್ಸ್‌ರೇ ತೆಗೆದ ದಿನದ ನಷ್ಟಕ್ಕೆ ಶೇಕಡಾ ಲೆಕ್ಕ ಹಾಕಿ ಇಡಿಗಂಟು ಕೊಟ್ಟರೆ, ಆ ದಿನದ ಉಸಿರಿಗೆ ಮಾತ್ರ ಬೆಲೆ ಕಟ್ಟಿದಂತಾಯಿತು. ಐದು ವರ್ಷದ ನಂತರದ ಏದುಸಿರು ಮನೆಯವರ ಪಾಲು.

1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ನಮಗೆ ಪರಿಚಿತವಾದ ಇಎಸ್‌ಐ, ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಊನದ ಪ್ರಮಾಣವನ್ನು ನಿಗದಿಮಾಡಿದ ಮೇಲೂ, ಆ ಗಾಯದ ಪರಿಣಾಮ ಗಣನೀಯವಾಗಿ, ಯಾರೂ ಎಣಿಸದ ರೀತಿಯಲ್ಲಿ ಉಲ್ಬಣಿಸಿದ್ದರೆ ವೈದ್ಯಕೀಯ ಮಂಡಳಿ ಅದನ್ನು ಮರುಪರಿಶೀಲಿಸಬಹುದೆಂದು 55ನೇ ಸೆಕ್ಷನ್ ಒಪ್ಪಿತು. ವೈದ್ಯರು ಮುಂದನ್ನೆಲ್ಲ ಕಾಣಲಾರರು ಎಂಬ ವಿನಯ ಆ ಮಾತಿನಲ್ಲಿದೆ. ಜೊತೆಗೆ ಕಾವಲೂ ಇದೆ: ಮೇಲ್ಮನವಿ ಮಂಡಳಿಯ ಅನುಮತಿ ಇಲ್ಲದಿದ್ದರೆ, ಅಂತಿಮ ನಿರ್ಧಾರವನ್ನು ಐದು ವರ್ಷದೊಳಗೆ ತೆರೆಯುವಂತಿಲ್ಲ. ಇನ್ನೊಂದು ವಿಪರ್ಯಾಸವನ್ನು ಹೇಳದೆ ಇರಲಾರೆ. ಆ ಕಾಯ್ದೆಯ ‘ಕಾರ್ಖಾನೆ’ ಎಂಬ ಪದದ ಅರ್ಥದಿಂದ ಗಣಿಯನ್ನು ಹೊರಗಿಡಲಾಗಿದೆ. ಕಾಲ ಕಳೆದಂತೆ ಬೆಳೆಯುವ ರೋಗ ಯಾರಿಗೆ ಹೆಚ್ಚೋ ಅವರಿಗೇ ಈ ಬಾಗಿಲು ಸಿಗಲಿಲ್ಲ.

ಮಾಲೀಕರ ವಾದವನ್ನು ತಳ್ಳಿಹಾಕುವಂತಿಲ್ಲ. ಎಂದೂ ಮುಗಿಯದ ಲೆಕ್ಕವನ್ನು ಯಾವ ಉದ್ಯಮವೂ ಹೊರಲಾರದು; ಹತ್ತು ವರ್ಷದ ನಂತರದ ನೋವಿಗೆ ಹಳೆಯ ಪೆಟ್ಟೇ ಕಾರಣವೋ ವಯಸ್ಸೋ ಎಂದು ಬಿಡಿಸುವುದೂ ಸುಲಭವಲ್ಲ. ಎಷ್ಟೋ ಕುಟುಂಬಗಳಿಗೆ ಕಂತಿಗಿಂತ ಇಡಿಗಂಟೇ ಬೇಕಿರುತ್ತದೆ. ಸಾಲ ತೀರುತ್ತದೆ, ಅಂಗಡಿಯೊಂದನ್ನು ಹಾಕಬಹುದು. ಆದರೂ ಅನಿಶ್ಚಯದ ಭಾರ ಯಾರಾದರೂ ಹೊರಲೇಬೇಕಲ್ಲ? ಬಾಗಿಲು ಮುಚ್ಚಿದಾಗ ಅದು ಮಾಯವಾಗುವುದಿಲ್ಲ. ಸದ್ದಿಲ್ಲದೆ ಗಾಯಗೊಂಡವನ ಹೆಗಲಿಗೆ ದಾಟುತ್ತದೆ.

ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. 1923ರ ಮತ್ತು 1948ರ ಕಾಯ್ದೆಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿದೆ. ಕಾನೂನಿನ ಹೆಸರು ಬದಲಾದಾಗ ನಾನು ಅದರಲ್ಲಿ ಮೊದಲು ಹುಡುಕುವುದು ಪರಿಹಾರದ ಮೊತ್ತವನ್ನಲ್ಲ. ಗಾಯ ಮರುಕಳಿಸಿದವನು ಎರಡನೇ ಸಲ ಬಂದು ನಿಲ್ಲಲು ಬಿಟ್ಟಿರುವ ಜಾಗವನ್ನು.