ಲೀಟರಿಗೆ ಎಷ್ಟು ದೂರ? ನಮ್ಮ ಹೆದ್ದಾರಿಯ ಒಂದು ಲೆಕ್ಕ

ವಸಂತನರಸಾಪುರ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಸಾಲುಗಟ್ಟಿ ನಿಲ್ಲುವ ಟ್ರೇಲರ್ ಲಾರಿಗಳನ್ನು ನೀವೆಲ್ಲ ಕಂಡಿದ್ದೀರಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅವುಗಳ ಚಾಲಕರೂ ಹೌದು. ಅವರೊಡನೆ ಮಾತಿಗೆ ಕುಳಿತರೆ ಮನೆಮಕ್ಕಳ ಕ್ಷೇಮಸಮಾಚಾರ ಮುಗಿಯುವಷ್ಟರಲ್ಲಿ ‘ಮೈಲೇಜು’ ಎಂಬ ಮಾತು ಬಂದೇ ಬರುತ್ತದೆ. ಎಷ್ಟೋ ಸಾಗಣೆ ಕಚೇರಿಗಳಲ್ಲಿ ಟ್ರಿಪ್ಪಿಗೆ ಇಷ್ಟು ಲೀಟರ್ ಎಂದು ಮೊದಲೇ ನಿಗದಿ. ಉಳಿಸಿದರೆ ಚಾಲಕನಿಗೆ ನಾಲ್ಕು ಕಾಸು. ಹೆಚ್ಚು ಸುಟ್ಟರೆ ಸಂಬಳದಲ್ಲಿ ಕಡಿತ. ಈ ಲೆಕ್ಕ ನ್ಯಾಯವೇ ಎಂಬುದನ್ನು ಅರಿಯಲು ರಸ್ತೆಯ ಚರಿತ್ರೆಯನ್ನೂ ತುಸು ಭೌತಶಾಸ್ತ್ರವನ್ನೂ ನೋಡಬೇಕು.

ಸಾಗಣೆಯಲ್ಲಿ ಮೇವಿನ ಲೆಕ್ಕ ಹಳೆಯದು. ಹೇರೆತ್ತಿನ ಬೆನ್ನಿಗಿಂತ ಜೋಡಿ ಎತ್ತಿನ ಗಾಡಿ ಬಹುಪಾಲು ಹೆಚ್ಚು ಹೊರುತ್ತದೆ. ಆದರೆ ಗಾಡಿಗೆ ರಸ್ತೆ ಬೇಕು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ ಸಂಸ್ಥಾನದ ರಸ್ತೆಗಳೂ ಸೇತುವೆಗಳೂ ರೂಪುಗೊಂಡವು. 1884ರಲ್ಲಿ ಬೆಂಗಳೂರು–ತುಮಕೂರು ರೈಲು ಬಂದಿತು. ಸ್ವಾತಂತ್ರ್ಯಾನಂತರ, 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದೊಡನೆ ಟೆಲ್ಕೊ ಲಾರಿಗಳ ತಯಾರಿಕೆ ಮೊದಲಾಯಿತು. ಮರುವರ್ಷ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಅಲ್ಲಿಂದ ಮುಂದೆ ಸರಕು ರಸ್ತೆಯ ಪಾಲಾಗುತ್ತ ಬಂದುದನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ತಿರುವೆಂದರೆ ಸುವರ್ಣ ಚತುಷ್ಪಥ. ವಾಜಪೇಯಿಯವರ ಸರ್ಕಾರ ಕೈಗೊಂಡ ಈ ಯೋಜನೆಯ ಚೆನ್ನೈ–ಮುಂಬೈ ಬಾಹು ತುಮಕೂರು, ಶಿರಾ, ಚಿತ್ರದುರ್ಗಗಳ ಮೂಲಕ ಹಾಯ್ದುಹೋಯಿತು. ಅಂದಿನ ರಾಷ್ಟ್ರೀಯ ಹೆದ್ದಾರಿ 4ಕ್ಕೆ 2010ರ ಮರುಸಂಖ್ಯೆಯಲ್ಲಿ 48 ಎಂಬ ಅಂಕಿ ಬಂತು. ಹಿಂದೆ ಲಾರಿಗಳು ಊರೊಳಗಿನ ಎಮ್ಮೆ, ಸಂತೆ, ಮೆರವಣಿಗೆಗಳ ನಡುವೆ ಗೇರು ಬದಲಿಸುತ್ತ ಸಾಗಬೇಕಿತ್ತು. ಇದರ ಬೆಲೆಯನ್ನು ಒಂಬತ್ತನೆಯ ತರಗತಿಯ ಸೂತ್ರದಿಂದಲೇ ತಿಳಿಯಬಹುದು. 40 ಟನ್ ತೂಕದ ಟ್ರೇಲರ್ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 55 ಲಕ್ಷ ಜೌಲ್. ಬ್ರೇಕ್ ಒತ್ತಿದರೆ ಅಷ್ಟೂ ಬಿಸಿಯಾಗಿ ಹೋಗುತ್ತದೆ. ಅದನ್ನು ಮತ್ತೆ ಗಳಿಸಲು ಲೀಟರಿನ ಮೂರನೆಯ ಒಂದು ಪಾಲಿಗೂ ಹೆಚ್ಚು ಡೀಸೆಲ್ ಬೇಕು. ಲೀಟರಿಗೆ ಸುಮಾರು 3 ಕಿ.ಮೀ. ಓಡುವ ವಾಹನಕ್ಕೆ ಒಂದು ನಿಲುಗಡೆಯೆಂದರೆ ಒಂದು ಕಿಲೋಮೀಟರಿನ ನಷ್ಟ! 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ತನಿಖಾ ಠಾಣೆಗಳು ಹೋದದ್ದು, 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದದ್ದು ಸಮಯವನ್ನಷ್ಟೇ ಅಲ್ಲ, ಡೀಸೆಲ್ಲನ್ನೂ ಉಳಿಸಿದವು.

ಏರಿನ ಲೆಕ್ಕ ಇನ್ನೂ ಕಠಿಣ. ಸಮತಟ್ಟಾದ ರಸ್ತೆಯಲ್ಲಿ 60ರ ವೇಗಕ್ಕೆ ಟೈರುಗಳ ಹಾಗೂ ಗಾಳಿಯ ತಡೆ ಸೇರಿ ಸುಮಾರು 340 ಕಿಲೋಗ್ರಾಂ ಭಾರದಷ್ಟು ಎಳೆತ ಬೇಕೆನ್ನಿ. ನೂರು ಅಡಿಗೆ ಒಂದೇ ಅಡಿ ಏರಿದ್ದರೂ ಇನ್ನೂ 400 ಸೇರುತ್ತದೆ. ಕಾರಿನಲ್ಲಿ ಕುಳಿತ ನಮಗೆ ಅದು ಏರೆಂದೇ ತೋರುವುದಿಲ್ಲ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಚೆನ್ನೈ ಬಂದರಿನಿಂದ ತುಂಬಿದ ಕಂಟೇನರ್ ಇಲ್ಲಿಗೆ ಬರುವಾಗ ಬರೀ ಎತ್ತರಕ್ಕೇ 20 ಲೀಟರಿಗೂ ಮಿಗಿಲಾದ ಡೀಸೆಲ್ ಉರಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಅದನ್ನು ಮರಳಿ ಪಡೆಯುತ್ತೇವೆಂದು ಹಳೆಯ ಚಾಲಕರು ನಂಬಿದ್ದರು. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ; ನ್ಯೂಟ್ರಲ್ಲಿನಲ್ಲಿ ಎಂಜಿನ್ ಉರಿಯುತ್ತಲೇ ಇರುತ್ತದೆ, ಬ್ರೇಕೂ ಕಾಯುತ್ತದೆ. ಚಾಲಕರಾದ ನನ್ನ ಶಿಷ್ಯರು ಇದನ್ನು ದಯವಿಟ್ಟು ಎರಡು ಬಾರಿ ಓದಿಕೊಳ್ಳಿರಿ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಟ್ರೇಲರುಗಳ ಗರಿಷ್ಠ ಒಟ್ಟು ತೂಕ 49 ಟನ್ನಿನಿಂದ 55 ಟನ್ನಿಗೆ ಏರಿತು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ತೂಕ ಹೆಚ್ಚಿದರೆ ಕಿಲೋಮೀಟರಿಗೆ ಉರಿಯುವ ಡೀಸೆಲ್ ಹೆಚ್ಚುತ್ತದೆ. ಆದರೆ ಒಂದು ಟನ್ ಸರಕಿಗೆ ತಗಲುವ ಡೀಸೆಲ್ ಕಡಿಮೆಯಾಗುತ್ತದೆ. ಮಾಲೀಕನ ಲಾಭ ಟನ್ನಿನಲ್ಲಿ, ಚಾಲಕನ ಪರೀಕ್ಷೆ ಕಿಲೋಮೀಟರಿನಲ್ಲಿ. ಆರು ಟನ್ ಹೆಚ್ಚು ಹೇರಿ ಹಳೆಯ ಮೈಲೇಜನ್ನೇ ಕೇಳಿದರೆ ಅದು ಲೆಕ್ಕವಲ್ಲ, ದಂಡ.

ಸರ್ಕಾರಿ ಮಾನದಂಡವೂ ಈ ಅಂತರವನ್ನು ತುಂಬಿಲ್ಲ. ಭಾರೀ ವಾಹನಗಳ ಇಂಧನ ಬಳಕೆಯ ಮಿತಿಯನ್ನು 2017ರಲ್ಲಿ ಪ್ರಕಟಿಸಲಾಯಿತು. 2023ರ ಏಪ್ರಿಲ್‌ನಿಂದ ಅದು ಮೋಟಾರು ವಾಹನ ನಿಯಮಗಳಡಿ ಜಾರಿಗೆ ಬಂತು. ಅದರ ಪರೀಕ್ಷೆಯಲ್ಲಿ ಲಾರಿಯನ್ನು 40 ಮತ್ತು 60 ಕಿ.ಮೀ. ಸ್ಥಿರವೇಗದಲ್ಲಿ ಓಡಿಸುತ್ತಾರೆ. ಏರಿಲ್ಲ, ನಿಲುಗಡೆಯಿಲ್ಲ, ಕಾರ್ಖಾನೆಯ ಗೇಟಿನ ಮುಂದೆ ಕಾಯುವುದೂ ಇಲ್ಲ. ಎಂಜಿನ್ ಚಾಲೂ ಇಟ್ಟು ನಿಂತರೆ ಗಂಟೆಗೆ ಎರಡು-ಮೂರು ಲೀಟರ್ ಹೋಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ವಸಂತನರಸಾಪುರದ ಫುಡ್ ಪಾರ್ಕಿನಂತಹ ಕಡೆ ಬರುವ ಶೀತಲ ವಾಹನಗಳಿಗೆ ನಿಂತಲ್ಲಿಯೂ ತಂಪು ಕಾಯಬೇಕು.

2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿ ದಾಟಿತು. ಲಾರಿ ಮಾಲೀಕರು ಮುಷ್ಕರವನ್ನೂ ಹೂಡಿದರು. ಆ ದರದಲ್ಲಿ 1,000 ಕಿ.ಮೀ. ಟ್ರಿಪ್ಪಿಗೆ ಮೈಲೇಜು 3ರಿಂದ 2.75ಕ್ಕೆ ಇಳಿದರೆ ಹೆಚ್ಚುವುದು 30 ಲೀಟರ್, ಅಂದರೆ ಸುಮಾರು 2,750 ರೂಪಾಯಿ. ಅದು ಗಾಳಿಯಿಳಿದ ಟೈರಿನಿಂದಾಯಿತೋ, ಏರಿನಿಂದಾಯಿತೋ, ಗೇಟಿನ ಕಾಯುವಿಕೆಯಿಂದಾಯಿತೋ ಎಂಬುದನ್ನು ಟ್ರಿಪ್ ಶೀಟಿನಲ್ಲಿ ಬರೆಯಲು ಒಂದು ಅಂಕಣವಾದರೂ ಇರಬೇಕು. ಇಲ್ಲದಿದ್ದರೆ, ನನ್ನ ಶಿಷ್ಯರೇ, ನಿಮ್ಮ ಕಿಸೆಯ ಪುಟ್ಟ ಪುಸ್ತಕದಲ್ಲಿ ನೀವೇ ತೂಕವನ್ನೂ ಕಾದ ಗಂಟೆಗಳನ್ನೂ ತಾರೀಖು ಸಹಿತ ಗುರುತು ಹಾಕಿಕೊಳ್ಳಿರಿ.