ಹತ್ತು ಸಮಸ್ತರಲ್ಲಿ ಹತ್ತನೆಯವನು

ತುಳುನಾಡಿನ ಗುತ್ತಿನ ಮನೆಗಳಲ್ಲಿ ‘ಗಡಿ ಹಿಡಿಯುವುದು’ ಎಂಬ ಕ್ರಮವೊಂದಿದೆ. ಮನೆತನದ ಹಿರಿಯನು ದೈವದ ಎದುರು, ಊರ ಹತ್ತು ಸಮಸ್ತರ ಎದುರು ಗಡಿ ಸ್ವೀಕರಿಸಿದನೆಂದರೆ ಅಂದಿನಿಂದ ನೇಮದ ಹೊಣೆ ಅವನ ತಲೆಯ ಮೇಲೆ. ಆತ ತಂತ್ರಿಯಲ್ಲ, ಅರ್ಚಕನೂ ಅಲ್ಲ. ಗದ್ದೆ ತೋಟ ನೋಡಿಕೊಂಡಿರುವ ಗೃಹಸ್ಥ. ಮಣ್ಣಗುಡ್ಡದ ಗುರ್ಜಿ ದೀಪೋತ್ಸವವನ್ನು ಹತ್ತಿರದಿಂದ ಕಂಡವರಿಗೂ ಈ ಮಾತು ಹೊಸದಲ್ಲ. ದೀಪ ಉರಿಯಬೇಕಾದರೆ ಅದಕ್ಕೆ ಮೊದಲು ಎಣ್ಣೆಯ ಲೆಕ್ಕ ಬರೆಯುವವನೊಬ್ಬ ಬೇಕಾಗುತ್ತದೆ.

ಇಡೀ ಸಭೆಯೇ ಇಂಥ ಗೃಹಸ್ಥರ ಮೇಲೆ ನಿಂತಿರುವುದನ್ನು ಕಾಣಬೇಕಾದರೆ ಯೆಹೂದಿಗಳ ಕಡೆ ನೋಡಬೇಕು. ಅವರಿಗೂ ಒಂದು ಕಾಲದಲ್ಲಿ ಬಲಿ, ಧೂಪಗಳನ್ನು ನಡೆಸುವ ಪುರೋಹಿತವರ್ಗವಿತ್ತು. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ನಾಶ ಮಾಡಿದ ಮೇಲೆ ಬಲಿ ನಿಂತಿತು, ಪ್ರಾರ್ಥನೆ ಉಳಿಯಿತು. ಆ ವಂಶದವರಿಗೆ ಇಂದಿಗೂ ಕೆಲವು ಮರ್ಯಾದೆಗಳು ಸಲ್ಲುತ್ತವೆ. ಆದರೆ ಅವರಿಲ್ಲವೆಂದು ಪ್ರಾರ್ಥನೆ ನಿಲ್ಲುವುದಿಲ್ಲ. ರಬ್ಬಿಯೆಂದರೆ ಪುರೋಹಿತನೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಆತ ಧರ್ಮಶಾಸ್ತ್ರ ಬಲ್ಲ ವಿದ್ವಾಂಸ, ಬೋಧಕ. ಆತನಿಲ್ಲದಿದ್ದರೂ ಓದು ಬಲ್ಲ ಯಾವ ಗೃಹಸ್ಥನೂ ಎದ್ದು ನಿಂತು ಪ್ರಾರ್ಥನೆ ನಡೆಸಬಹುದು.

ಇಲ್ಲದಿದ್ದರೆ ಸಾಗದ್ದು ಬೇರೆಯೇ ಇದೆ. ಅದು ಹತ್ತರ ಲೆಕ್ಕ. ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರು ಕೂಡಿದರೆ ಅದು ಸಭೆ. ‘ಮಿನ್ಯಾನ್’ ಎಂದು ಅದರ ಹೆಸರು. (ಸುಧಾರಣಾವಾದಿ ಸಭೆಗಳು ಈಗ ಹೆಂಗಸರನ್ನೂ ಎಣಿಸುತ್ತವೆ.) ಒಂಬತ್ತೇ ಮಂದಿ ಇದ್ದರೆ ತೋರಾದ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದುವಂತಿಲ್ಲ, ತೀರಿಕೊಂಡ ತಂದೆತಾಯಿಗಾಗಿ ಮಗ ಹೇಳುವ ‘ಕದ್ದಿಶ್’ ಎಂಬ ಸ್ತುತಿಯನ್ನೂ ಹೇಳುವಂತಿಲ್ಲ. ಹಾಗಾದರೆ ಆ ಹತ್ತು ಮಂದಿಯನ್ನು ಒಟ್ಟುಗೂಡಿಸುವವರು ಯಾರು? ಹಬ್ಬದ ದಿನವನ್ನು ಲೆಕ್ಕ ಹಾಕಿ ತಿಳಿಸುವವರು, ಬಡವನ ಮಗಳ ಮದುವೆಗೆ ಹಣ ಕೂಡಿಸುವವರು, ಪರವೂರಿನಲ್ಲಿ ಸತ್ತವನಿಗೆ ಆರಡಿ ನೆಲ ಹುಡುಕುವವರು ಯಾರು? ಹೀಬ್ರೂ ಭಾಷೆಯಲ್ಲಿ ಈ ಮುಖಂಡನಿಗೆ ‘ಪರ್ನಾಸ್’ ಎನ್ನುತ್ತಾರೆ. ಬೇಕಾದುದನ್ನು ಒದಗಿಸುವವನು ಎಂದು ಅರ್ಥ. ನಮ್ಮ ಮೊಕ್ತೇಸರರಿಗೆ ಬಲು ಹತ್ತಿರದ ಪದ.

ಈ ವ್ಯವಸ್ಥೆಯ ನೆರಳು ಮಂಗಳೂರಿನ ಮೇಲೂ ಬಿದ್ದಿದೆ. ಆಳುಪರ ಕಾಲದ ಈ ಬಂದರಿನಲ್ಲಿ 1132ರಿಂದ 1149ರವರೆಗಿನ ಬಹುಕಾಲ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿದ್ದ. ಹುಟ್ಟಿದ್ದು ಇಂದಿನ ಟ್ಯುನೀಸಿಯದ ಮಹದಿಯಾದಲ್ಲಿ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತ, ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುತ್ತಿದ್ದ. ಕೈರೋ ಸಮೀಪದ ಫುಸ್ತಾತಿನ ಸಿನಗಾಗಿನಲ್ಲಿ ಹಳೆಯ ಕಾಗದಗಳನ್ನು ತುಂಬಿಡುವ ಕೋಣೆಯಿತ್ತು. ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬ ಭಕ್ತಿಯಿಂದ ಅಲ್ಲಿ ಉಳಿದ ಕಾಗದಗಳಲ್ಲಿ ಈತನ ಪತ್ರಗಳೂ ಸಿಕ್ಕಿವೆ. ವಿದ್ವಾಂಸ ಗೊಯ್ಟೈನ್ ಅವುಗಳ ಅಧ್ಯಯನದಲ್ಲಿ ದಶಕಗಳನ್ನು ಕಳೆದರು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಕೃತಿಯಲ್ಲಿ ಬೆನ್ ಯಿಜುವಿನ ಸೇವಕ ‘ಬೊಮ್ಮ’ನ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ಆ ಹೆಸರಿನ ಹಿಂದೆ ತುಳುವರ ಬೆರ್ಮೆರ್ ಇರಬಹುದೆಂದು ಅವರಿಗೆ ದಾರಿ ತೋರಿದವರು ಪ್ರೊ. ಬಿ.ಎ. ವಿವೇಕ ರೈ.

ಬೆನ್ ಯಿಜುವಿನ ಪತ್ರಗಳ ಇನ್ನೊಂದು ತುದಿಯಲ್ಲಿದ್ದವನು ಏಡನ್ನಿನ ಮದ್ಮೂನ್. ಆತ ಸ್ವತಃ ದೊಡ್ಡ ವರ್ತಕ; ಊರೂರಿನ ವರ್ತಕರ ಪ್ರತಿನಿಧಿಯೂ ಹೌದು. ಯೆಮೆನಿನ ಯೆಹೂದಿಗಳಿಗೆಲ್ಲ ಆತನೇ ‘ನಗೀದ್’, ಅಂದರೆ ನಾಯಕ. ಮಂಗಳೂರಿನಿಂದ ಹೋದ ಸರಕು ಅವನ ಕೈಗೆ ಸೇರಬೇಕು, ಸುಂಕದ ಕಟ್ಟೆ ದಾಟಿಸಬೇಕು, ದೂರದ ಬಂಧುಗಳ ಓಲೆಗಳನ್ನು ಮುಂದಕ್ಕೆ ಕಳುಹಿಸಬೇಕು. ಏಡನ್ನಿಗೆ ಹೋದ ಬೊಮ್ಮ ಕುಡಿದು ಬಂದು ಹಣ ಕೇಳಿ ರಗಳೆ ಮಾಡಿದ್ದನ್ನು ಸಹಿಸಿ, ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು! ಸಮುದಾಯದ ನಾಯಕತ್ವವೆಂದರೆ ಪೀಠವಷ್ಟೇ ಅಲ್ಲ, ಇಂಥ ರಗಳೆಯೂ ಹೌದು. ಹಣವಿದ್ದವನಿಗೇ ಈ ಹೊಣೆ ದಕ್ಕಿದ್ದರಿಂದ ಹಣವಂತರ ಹಿಡಿತ ಸಭೆಯ ಮೇಲೆ ಬಲವಾಯಿತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಮದ್ಮೂನ್ 1151ರಲ್ಲಿ ತೀರಿಕೊಂಡ.

ಶಾಸ್ತ್ರದ ತೊಡಕು ಬೆನ್ ಯಿಜುವಿನ ಮನೆಯೊಳಗೇ ಬಂದದ್ದುಂಟು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆತ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ವಿಮೋಚನಾ ಪತ್ರ ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಸಮುದ್ರತೀರದ ಈ ಊರಿನ ಹೆಸರು ಹೇಳುವ ಪತ್ರ, ಬಾಗ್ದಾದಿನಲ್ಲಿದ್ದ ಯೆಹೂದಿ ಮುಖ್ಯಸ್ಥ ದಾನಿಯೇಲನ ಅಧಿಕಾರವನ್ನೂ ಸ್ಮರಿಸುತ್ತದೆ. ಬಾಗ್ದಾದ್ ಎಲ್ಲಿ, ಮಂಗಳೂರು ಎಲ್ಲಿ! ಧರ್ಮಪೀಠ ಅಷ್ಟು ದೂರವಿದ್ದಾಗ, ಕಾಗದ ಲೇಖನಿ ಹಿಡಿದು ಶಾಸ್ತ್ರಬದ್ಧವಾಗಿ ಕೆಲಸ ಪೂರೈಸಬೇಕಾದವರು ಇಲ್ಲಿದ್ದ ಗೃಹಸ್ಥರೇ. ಆಶುವನ್ನು ಬೆನ್ ಯಿಜು ಮದುವೆಯಾದನೆಂದು ವಿದ್ವಾಂಸರ ಅಭಿಪ್ರಾಯ. ಅವನ ಮಕ್ಕಳು ಆಕೆಯವರೆಂದೂ ಹೇಳುತ್ತಾರೆ. ಪತ್ರವನ್ನು ಮೆಚ್ಚುವ ಮುಂಚೆ, ಆಕೆ ಬೆಲೆ ಕೊಟ್ಟು ತಂದ ಹೆಣ್ಣು ಎಂಬುದನ್ನು ಮರೆಯುವುದು ನ್ಯಾಯವಲ್ಲ. ಆಕೆಯ ಮಾತು ಯಾವ ಕಾಗದದಲ್ಲೂ ಇಲ್ಲ.

ಇನ್ನು ಆರೂವರೆ ಶತಮಾನ ಮುಂದಕ್ಕೆ ಬರೋಣ. ಎರಡನೆಯ ಮೈಸೂರು ಯುದ್ಧ ಮುಗಿದದ್ದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ. ಸೆರೆಯಾಳುಗಳನ್ನು ಬಿಡಬೇಕೆಂಬುದು ಅದರ ಷರತ್ತುಗಳಲ್ಲೊಂದು. ಆ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸಿಕ್ಕವರಲ್ಲಿ ಕಂಪೆನಿ ಸೈನ್ಯದ ಸಾಮುಯೇಲ್ ದಿವೇಕರ್ ಎಂಬ ಅಧಿಕಾರಿಯೂ ಇದ್ದ. ಕೊಂಕಣದ ಬೆನೆ ಇಸ್ರೇಲ್ ಯೆಹೂದಿ ಆತ. ಈ ಜನ ಗಾಣದ ಕಸುಬಿನವರು. ಶನಿವಾರ ಗಾಣ ತಿರುಗಿಸದ್ದರಿಂದ ‘ಶನಿವಾರ ತೇಲಿ’ಗಳೆಂದು ಹೆಸರಾದವರು. ನೀನು ಯಾವ ಮತದವನೆಂದು ಕೇಳಿದಾಗ ‘ಬೆನೆ ಇಸ್ರೇಲ್’ ಎಂದನಂತೆ. ಇಂಥವರ ಹೆಸರು ಕುರಾನಿನಲ್ಲಿದೆ, ಕೊಲ್ಲಬಾರದು ಎಂದು ಟಿಪ್ಪುವಿನ ತಾಯಿ ತಡೆದಳಂತೆ. ಬದುಕಿ ಊರು ಸೇರಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಆತ ಹರಕೆ ಹೊತ್ತನಂತೆ. ಇದು ಆ ಸಮುದಾಯ ಹೇಳಿಕೊಂಡು ಬಂದ ಕಥೆ.

ಕಥೆ ಏನೇ ಇರಲಿ, 1796ರಲ್ಲಿ ಮುಂಬಯಿಯಲ್ಲಿ ಆತ ಸಿನಗಾಗ್ ಕಟ್ಟಿಸಿದ್ದು ಇತಿಹಾಸ. ಬೆನೆ ಇಸ್ರೇಲರಿಗೆ ಅದೇ ಮೊದಲನೆಯದು. ಅಲ್ಲಿಯವರೆಗೆ ಅವರಲ್ಲಿ ವಂಶಪಾರಂಪರ್ಯವಾಗಿ ‘ಕಾಜಿ’ಗಳೆನಿಸಿದವರು ಮನೆಮನೆಗೆ ಹೋಗಿ ವಿಧಿಗಳನ್ನು ನಡೆಸುತ್ತಿದ್ದರು. ಈಗ ಕಟ್ಟಡ ಬಂತು. ಅದನ್ನು ನಡೆಸಲು ಮುಕಾದಮ್, ಹಣಕಾಸಿಗೆ ಗಬ್ಬಾಯ್ ಎಂಬ ಗೃಹಸ್ಥ ಹುದ್ದೆಗಳು ಬೇರೂರಿದವು. ಮುಂಬಯಿಯ ಮಸ್ಜಿದ್ ನಿಲ್ದಾಣದಲ್ಲಿ ಇಳಿಯುವ ನಮ್ಮ ಕರಾವಳಿಯ ಹೋಟೆಲು ಬಂಧುಗಳು ಗಮನಿಸಬೇಕು: ಆ ‘ಮಸ್ಜಿದ್’ ಈ ಸಿನಗಾಗೇ ಎನ್ನುವವರಿದ್ದಾರೆ. ಹತ್ತಿರದ ಬೀದಿಗೆ ಸಾಮುಯೇಲನದೇ ಹೆಸರು. ಕಟ್ಟಡವಾದರೂ ಒಳಗಿಡಲು ತೋರಾ ಸುರುಳಿ ಬೇಕಲ್ಲ? ಅದನ್ನು ತರಲೆಂದು ದಿವೇಕರ್ ಕೊಚ್ಚಿಗೆ ಹೋದ. 1797ರಲ್ಲಿ ಅಲ್ಲೇ ತೀರಿಕೊಂಡ. ಧರ್ಮಶಾಸ್ತ್ರದ ಪಂಡಿತನಲ್ಲದ ಒಬ್ಬ ಸಿಪಾಯಿ ತಾನು ಹೊತ್ತ ಹೊಣೆಯನ್ನು ಎಲ್ಲಿಯವರೆಗೆ ಕೊಂಡೊಯ್ದನೆಂಬುದನ್ನು ಓದಿದಾಗ, ಹರಕೆಯ ಕಥೆ ಸುಳ್ಳೆನ್ನಲು ಈ ಲೇಖಕನಿಗೆ ಮನಸ್ಸು ಬಾರದು.

ಬೆಂಗಳೂರಿನಲ್ಲೂ ಹೀಗೆಯೇ. ಅಲ್ಲಿನ ಪುಟ್ಟ ಯೆಹೂದಿ ಸಮುದಾಯಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಸರೆಯಾದವನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಅಂಗಡಿಯಿಟ್ಟಿದ್ದ ರೂಬಿನ್ ಮೋಸೆಸ್. ಪ್ರಾರ್ಥನೆಗೆ ಆತನ ಮನೆ. ಮಣ್ಣಿಗೆ ಮೈಸೂರು ರಸ್ತೆಯ ಸ್ಮಶಾನ. ಆ ನೆಲ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟದ್ದು.

ಕೊಚ್ಚಿಯ ಪರದೇಶಿ ಸಿನಗಾಗ್ 1568ರದು. ರಬ್ಬಿಗಳಿಲ್ಲದೆ ಹಿರಿಯ ಗೃಹಸ್ಥರೇ ನಡೆಸಿಕೊಂಡು ಬಂದ ಆ ಸಭೆಯಲ್ಲಿ ಬಹುತೇಕ ಕುಟುಂಬಗಳು ಇಸ್ರೇಲಿಗೆ ತೆರಳಿದ ಮೇಲೆ ಹತ್ತರ ಲೆಕ್ಕ ಕೂಡುವುದು ಕಷ್ಟವಾಯಿತು. ಪ್ರಾರ್ಥನೆಯ ವೇಳೆಗೆ ಯಾರಾದರೂ ಹೊರಗಿನ ಯೆಹೂದಿ ಪ್ರವಾಸಿ ಬಂದಿದ್ದಾನೆಯೇ ಎಂದು ಹುಡುಕಿ, ಅವನನ್ನು ಕರೆದು ಕೂಡಿಸಿಕೊಂಡು ಹತ್ತು ಎಣಿಸುವ ದಿನಗಳು ಬಂದವು.